ಒಳಚೀಲ, ಹೊರಚೀಲ

ಕೆಯೋನ್, ಚಿಲೊಯೆ ದ್ವೀಪ
ಮಾರ್ಚ್ 6, 1996

ಅಪ್ಪಾ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಿದ್ದೆ, ಕೈಗೆ ಸಾಲ್ಮನ್ ಮೀನಿನ ಲೋಳೆ ಇನ್ನೂ ಅಂಟಿತ್ತು. ಹಾಗೇ ಒಡೆದು ಓದಿದೆ. ಏಳು ವಾರ ವಿಕಿರಣದ ಕರೆಂಟು ಕೊಟ್ಟರೂ ಗಡ್ಡೆ ಮತ್ತೆ ಬಂದಿದೆ. ಇನ್ನು ಮೂತ್ರಕೋಶವನ್ನೇ ತೆಗೆದು, ಹೊಟ್ಟೆಯ ಮೇಲೆ ತೂತು ಮಾಡಿ, ಅದಕ್ಕೊಂದು ಚೀಲ ಅಂಟಿಸುತ್ತಾರೆ. ಇಷ್ಟನ್ನು ನೀನು ನಾಲ್ಕು ಸಾಲಿನಲ್ಲಿ ಮುಗಿಸಿದ್ದೀಯ. ದೋಣಿಗೆ ಬಣ್ಣ ಹೊಡೆದ ಸುದ್ದಿಗೆ ಹನ್ನೊಂದು ಸಾಲು.

ಅಪ್ಪಾ, ಯಾವ ಕಾಗದಕ್ಕೂ ಸಹಿ ಹಾಕಬೇಡ.

ನಮ್ಮ ಕಾರ್ಮಿಕ ಸಂಘದ ಕೋಣೆಯಲ್ಲಿ ಕರಪತ್ರಗಳ ಪೆಟ್ಟಿಗೆಯೊಂದಿದೆ. ಅದರಲ್ಲಿ ರೋಗಿಗಳ ಹಕ್ಕಿನ ಬಗ್ಗೆ ಹದಿನಾರು ಪುಟದ ಪುಸ್ತಿಕೆ ಸಿಕ್ಕಿತು. ಎರಡು ಸಲ ಓದಿದೆ. ಮೂತ್ರಕೋಶ ತೆಗೆದ ಮೇಲೆ ದಾರಿ ಒಂದೇ ಅಲ್ಲ, ಎರಡಿವೆ. ಒಂದು, ಅವರು ನಿನಗೆ ಹೇಳಿದ ಹೊರಚೀಲ. ಇನ್ನೊಂದರಲ್ಲಿ ರೋಗಿಯ ಕರುಳಿನಿಂದಲೇ ಒಳಗೆ ಹೊಸ ಚೀಲ ಹೊಲಿಯುತ್ತಾರೆ. ಹೊಟ್ಟೆಯ ಮೇಲೆ ತೂತಿಲ್ಲ, ಅಂಟಿಸುವುದಿಲ್ಲ, ಕಳಚುವುದಿಲ್ಲ. ಮನುಷ್ಯ ಮೊದಲಿನಂತೆಯೇ ಓಡಾಡುತ್ತಾನೆ. ಖಾಸಗಿ ಆಸ್ಪತ್ರೆಗಳಲ್ಲಿ ಇದು ನಡೆಯುತ್ತಿದೆ. ನಿನಗೆ ಯಾಕೆ ಹೇಳಲಿಲ್ಲ? ನೀನು ರಬ್ಬರು ಚಪ್ಪಲಿಯಲ್ಲಿ ಬಂದ ಮುಳುಗುಗಾರ ಎಂದೇ?

ಒಂದು ನೆನಪಿಡು. ಈ ರೋಗ ನಿನಗೆ ಆಕಾಶದಿಂದ ಬಿದ್ದದ್ದಲ್ಲ. ನೀನು ಹದಿನೇಳರ ಹುಡುಗನಾಗಿದ್ದಾಗ ನಗರಕ್ಕೆ ಬೆಟ್ಟದ ನದಿಯ ನೀರು ಬಂತು, ಅದರ ಜೊತೆ ಪಾಷಾಣ ಬಂತು. ಹನ್ನೆರಡು ವರ್ಷ ಇಡೀ ಊರು ಕುಡಿಯಿತು. ಯಾರೂ ನಿಮ್ಮನ್ನು ಕೇಳಿ ಆ ನೀರು ಬಿಡಲಿಲ್ಲ. ಈಗ ಕೊಯ್ಯುವಾಗಲೂ ಕೇಳದೆ ಕೊಯ್ದರೆ, ಆ ನಲ್ಲಿಯನ್ನು ಅವರಿನ್ನೂ ನಿಲ್ಲಿಸಿಲ್ಲ ಎಂದೇ ನಾನು ತಿಳಿಯುತ್ತೇನೆ.

ಡಾಕ್ಟರನ್ನು ಕೇಳು: ಒಳಚೀಲ ಯಾಕಿಲ್ಲ? ಅವರು ಏನು ಹೇಳಿದರೋ ಅದನ್ನು ಅದೇ ಮಾತಿನಲ್ಲಿ ನನಗೆ ಬರೆ.

ನಿನ್ನ ಯೆರ್ಕಾ


ಪುಂತಾ ಸೆಕಾ
ಮಾರ್ಚ್ 23, 1996

ಮಗಳೇ ಯೆರ್ಕಾ,

ನೀರಿನ ಲಾರಿ ಗುರುವಾರದ ಬದಲು ಶನಿವಾರ ಬಂತು. ನಿನ್ನ ಪತ್ರವೂ ಅದರಲ್ಲೇ ಬಂತು. ಸೋಮವಾರ ನಗರಕ್ಕೆ ಹೋದೆ.

ಡಾಕ್ಟರಮ್ಮನ ಹೆಸರು ಅರಾನ್ಸಿಬಿಯಾ. ಹೆಚ್ಚು ವಯಸ್ಸಿಲ್ಲ, ನಿನ್ನಷ್ಟೇ ಎತ್ತರ. ಚೀಟಿಯ ಹಿಂದೆ ನನ್ನ ಮೂತ್ರಕೋಶದ ಚಿತ್ರ ಬರೆದರು, ಪೇರು ಹಣ್ಣಿನ ಹಾಗಿತ್ತು.

"ಇದನ್ನ ತೆಗೀತೀವಿ, ದೋನ್ ಎಲಿಯೊದೊರೊ. ಆಮೇಲೆ ಉಚ್ಚೆ ಹೊರಗೆ ಬರೋಕೆ ಒಂದು ದಾರಿ ಬೇಕಲ್ಲ?"

"ಬೇಕು ಡಾಕ್ಟರಮ್ಮಾ. ಕಣ್ಣಲ್ಲಂತೂ ಬರಲ್ಲ, ಅಲ್ಲಿ ಎಲ್ಲಾ ಒಣಗಿ ಹೋಗಿದೆ" ಅಂದೆ. ನಗಲಿಲ್ಲ.

ಆಮೇಲೆ ನಿನ್ನ ಪತ್ರ ತೆಗೆದು ಮುಂದಿಟ್ಟುಕೊಂಡು ಕೇಳಿದೆ. "ಒಳಗೇ ಚೀಲ ಹೊಲೀತಾರಂತೆ, ನನ್ನ ಮಗಳು ಹೇಳ್ತಾಳೆ. ಅದು ನನಗೆ ಯಾಕಿಲ್ಲ?"

ಪೆನ್ನು ಕೆಳಗಿಟ್ಟರು. "ಅದು ನಿಮಗಲ್ಲ, ದೋನ್ ಎಲಿಯೊದೊರೊ" ಅಂದರು.

ಇದೇ ಅವರು ಹೇಳಿದ ಮಾತು. ಅದೇ ಮಾತಿನಲ್ಲಿ ಬರೆಯೆಂದೆಯಲ್ಲ, ಬರೆದಿದ್ದೇನೆ.

ಸೆಗುಂದೊಗೆ ಹೇಳಿದೆ. ಇಪ್ಪತ್ತು ವರ್ಷದಿಂದ ದೋಣಿಯ ಮೇಲೆ ನನ್ನ ಗಾಳಿಕೊಳವೆ ಹಿಡಿಯುವ ಮನುಷ್ಯ, ಅವನಿಂದ ಏನು ಮುಚ್ಚಿಡುವುದು. "ಚೀಲ ಆದ್ರೆ ಒಳ್ಳೇದೇ ಆಯ್ತಲ್ಲ ಮಾರಾಯ. ದೋಣಿ ಅಂಚಲ್ಲಿ ನಿಂತು ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡೋ ಕೆಲಸ ತಪ್ತು" ಅಂದ. ಆಮೇಲೆ ಆ ಕಡೆ ತಿರುಗಿ ತುಂಬಾ ಹೊತ್ತು ನನಗೆ ಗಾಳಿ ಕಳಿಸುವ ಕಂಪ್ರೆಸರ್ ಒರೆಸುತ್ತ ಕೂತ.

ನಿನಗೆ ಒಂದು ವಿಷಯ ಹೇಳಬೇಕು. ಬಂದರು ಕಚೇರಿಗೂ ಹೋಗಿದ್ದೆ. ಹೊಟ್ಟೆಯಲ್ಲಿ ತೂತಿದ್ದವನಿಗೆ ಮುಳುಗುವ ಪರವಾನಗಿ ಕೊಡುವುದಿಲ್ಲವಂತೆ. ಹೊಟ್ಟೆ ಮುಚ್ಚಿದ್ದರೆ, ಗಾಯ ಮಾಗಿದ ಮೇಲೆ ನೋಡೋಣ ಅಂದರು. ಮೂವತ್ತೊಂದು ವರ್ಷ ನೀರಿನ ತಳದಲ್ಲಿ ಚಿಪ್ಪು ಕಿತ್ತು ಬದುಕಿದ್ದೇನೆ. ದಡದ ಮೇಲೆ ನನಗೆ ಮಾಡಲು ಬರುವುದು ಏನೂ ಇಲ್ಲ, ಇದ್ದಿದ್ದರೆ ನಿನ್ನ ಅಮ್ಮ ಅಷ್ಟು ಬೈಯುತ್ತಿರಲಿಲ್ಲ.

ನೀನು ದಕ್ಷಿಣದ ತುದಿಯ ಆ ಚಳಿಯ ಊರಲ್ಲಿ ಹುಷಾರಾಗಿರು. ಒದ್ದೆ ಕಾಲುಚೀಲದಲ್ಲಿ ಮಲಗಬೇಡ.

ನಿನ್ನ ಅಪ್ಪ


ಕೆಯೋನ್
ಏಪ್ರಿಲ್ 5, 1996

ಅಪ್ಪಾ,

"ಅದು ನಿಮಗಲ್ಲ." ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಂಘದ ಗೋಡೆಗೆ ಅಂಟಿಸಿದ್ದೇನೆ. ಕೆಳಗೆ ಏನೂ ಬರೆದಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಓದಿದವರೆಲ್ಲ ತಮ್ಮದೊಂದು ಕಥೆ ಹೇಳಿಯೇ ಮುಂದೆ ಹೋದರು. ನನ್ನ ಪಕ್ಕ ನಿಂತು ಮೀನಿನ ಮುಳ್ಳು ಕೀಳುವ ರೊಸೆಂದಾ ಅಂದಳು: "ನಮ್ಮ ಹಲ್ಲಿಗೂ ಹಾಗೇ ಅಂದ್ರು ಕಣೇ. ಕೀಳೋದು ನಿಮಗೆ, ತುಂಬೋದು ನಿಮಗಲ್ಲ ಅಂತ." ಬಾಯಿ ತೆರೆದು ತೋರಿಸಿದಳು. ಮೂವತ್ತು ವರ್ಷದವಳ ಬಾಯಿ ಅದು ಎಂದು ನೀನು ನಂಬುವುದಿಲ್ಲ.

ಕೆಲಸದ ಸಾಲಿನಲ್ಲೇ ಸಹಿ ಸಂಗ್ರಹಿಸಿದೆ. ಇನ್ನೂರ ಹನ್ನೆರಡು. ಮನವಿಯ ಒಂದು ಪ್ರತಿ ಆಸ್ಪತ್ರೆಯ ನಿರ್ದೇಶಕನಿಗೆ, ಒಂದು ನಿಮ್ಮ ಕಡೆಯ ಪತ್ರಿಕೆಗೆ. ಡಾಕ್ಟರ್ ಅರಾನ್ಸಿಬಿಯಾ ಎಂದು ಹೆಸರು ಹಾಕಿಯೇ ಬರೆದಿದ್ದೇನೆ. ಹೆಸರಿಲ್ಲದ ಅನ್ಯಾಯವನ್ನು ಯಾರೂ ಓದುವುದಿಲ್ಲ.

ಇದರ ಜೊತೆ ಐದು ಪ್ರಶ್ನೆಗಳ ಹಾಳೆ ಇಟ್ಟಿದ್ದೇನೆ. ಅವರ ಮುಂದೆ ನಿಂತು ಓದು. ಕೂರಬೇಡ, ನಿಂತೇ ಓದು. ಕೊನೆಯ ಪ್ರಶ್ನೆಯನ್ನು ಮಾತ್ರ ಇಲ್ಲಿಯೂ ಬರೆಯುತ್ತೇನೆ: ನಿಮ್ಮ ಅಪ್ಪನಿಗೆ ಈ ರೋಗ ಬಂದಿದ್ದರೆ ಯಾವ ಆಪರೇಷನ್ ಮಾಡುತ್ತಿದ್ದಿರಿ?

ನೀನು ಪರವಾನಗಿಯ ಬಗ್ಗೆ ಬರೆದದ್ದು ಓದಿದೆ. ಅಪ್ಪಾ, ಇದು ಮತ್ತೆ ಮುಳುಗುವ ಪ್ರಶ್ನೆ ಅಲ್ಲ. ಇದು ಒಬ್ಬ ಕೂಲಿಕಾರನ ದೇಹಕ್ಕೆ ಎಷ್ಟು ಬೆಲೆ ಎಂಬ ಪ್ರಶ್ನೆ. ನಿನ್ನ ಹೊಟ್ಟೆಯಲ್ಲಿ ನಾವು ಗೆದ್ದರೆ ನಿನ್ನ ಹಿಂದೆ ಬರುವ ಪ್ರತಿಯೊಬ್ಬನೂ ಗೆದ್ದ ಹಾಗೆ.

ಯೆರ್ಕಾ


ಪುಂತಾ ಸೆಕಾ
ಏಪ್ರಿಲ್ 28, 1996

ಮಗಳೇ,

ನಿಂತೇ ಓದಿದೆ. ಕನ್ನಡಕ ಮರೆತು ಹೋಗಿದ್ದೆ, ಎರಡನೇ ಪ್ರಶ್ನೆ ಸೆಗುಂದೊ ಓದಿಕೊಟ್ಟ. ಐದನೆಯದನ್ನು ಓದಿದಾಗ ಡಾಕ್ಟರಮ್ಮ ನನ್ನ ಮುಖವನ್ನೇ ನೋಡಿದರು. ಒಂದು ಮಾತೂ ಆಡಲಿಲ್ಲ.

ಪತ್ರಿಕೆಯವನೊಬ್ಬ ಇಲ್ಲಿಯ ತನಕ ಬಂದಿದ್ದ. ದೋಣಿಯ ಪಕ್ಕ ನಿಲ್ಲಿಸಿ ಫೋಟೊ ತೆಗೆದ. ಮಾರನೆಯ ವಾರ ನಿರ್ದೇಶಕರು ಕರೆಸಿ, ಕಾಫಿ ಕೊಟ್ಟು, "ನೀವು ಹೀಗೆಲ್ಲ ಪೇಪರಿಗೆ ಹೋಗೋ ಅಗತ್ಯ ಇರಲಿಲ್ಲ, ದೋನ್ ಎಲಿಯೊದೊರೊ" ಅಂದರು. ರಾಜಧಾನಿ ಸಾಂತಿಯಾಗೊದಿಂದ ಮೂರು ತಿಂಗಳಿಗೊಮ್ಮೆ ಒಬ್ಬ ಸರ್ಜನ್ ಬರುತ್ತಾನಂತೆ, ಒಳಚೀಲ ಹೊಲಿಯುವುದರಲ್ಲಿ ಕೈ ಪಳಗಿದವನು. ಮೇ ಇಪ್ಪತ್ತೆಂಟಕ್ಕೆ ನನ್ನ ಹೆಸರು ಬರೆದುಕೊಂಡಿದ್ದಾರೆ. ನೀನು ಗೆದ್ದೆ.

ಇನ್ನೊಂದು ತಮಾಷೆ ಕೇಳು. ಒಳಚೀಲ ಮಾಡುವವರಿಗೂ ಮೊದಲೇ ಹೊಟ್ಟೆಯ ಮೇಲೊಂದು ಗುರುತು ಹಾಕುತ್ತಾರೆ. ಒಳಗಿನದು ಕೈಕೊಟ್ಟರೆ ಹೊರಚೀಲಕ್ಕೆ ಜಾಗ ಎಲ್ಲಿ ಎಂದು ಗೊತ್ತಿರಬೇಕಲ್ಲ. ಈ ಕೆಲಸ ನರ್ಸ್ ಮಿರ್ತಾಳದು. "ನೀವು ಯಾವಾಗಲೂ ಕಟ್ಟೋ ಬೆಲ್ಟು ತನ್ನಿ. ಅದರ ಕೆಳಗೆ ಸಿಕ್ಕಿಹಾಕ್ಕೊಳ್ಳಬಾರದು" ಅಂದಿದ್ದಳು. ನಾನು ಜನ್ಮದಲ್ಲಿ ಪ್ಯಾಂಟಿಗೆ ಬೆಲ್ಟು ಕಟ್ಟಿದವನಲ್ಲ, ನಿನಗೆ ಗೊತ್ತು, ಇಲ್ಲಿ ಎಲ್ಲರದೂ ಹಗ್ಗದ ತುಂಡು. ಕಟ್ಟುವುದು ಒಂದೇ, ನೀರಿಗಿಳಿಯುವಾಗ ಮುಳುಗಲು ಭಾರಕ್ಕೆಂದು ಸೀಸದ ಪಟ್ಟಿ. ಅದನ್ನೇ ಹೊತ್ತುಕೊಂಡು ಹೋದೆ. ಹದಿನಾಲ್ಕು ಕಿಲೋ. ಮೇಜಿನ ಮೇಲೆ ಇಟ್ಟಾಗ ಧಡ್ ಅಂತ ಸದ್ದಾಗಿ ಇಡೀ ವಾರ್ಡು ತಿರುಗಿ ನೋಡಿತು.

"ಅಯ್ಯೋ ದೇವರೇ, ಇದೇನು ಕೈದಿಗೆ ಹಾಕೋದಾ?"

"ನಮ್ಮೂರ ಫ್ಯಾಶನ್ನು" ಅಂದೆ.

ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆದರೂ ಕೆಲಸ ಸರಿಯಾಗಿ ಮಾಡಿದಳು. ಪಟ್ಟಿ ಕಟ್ಟಿಸಿ, ಕೂರಿಸಿ, ಬಗ್ಗಿಸಿ, ಹಸಿರು ಶಾಯಿಯಲ್ಲಿ ಎರಡು ಗುರುತು ಹಾಕಿ ಅಭ್ಯಾಸ ಮಾಡಿ ನೋಡಿದಳು. ಒಂದು ಹೊಕ್ಕುಳ ಕೆಳಗೆ, ಎಲ್ಲರಿಗೂ ಹಾಕುವ ಜಾಗ. ಇನ್ನೊಂದು ಪಟ್ಟಿಗಿಂತ ಮೇಲಕ್ಕೆ, ಪಕ್ಕೆಲುಬಿನ ಹತ್ತಿರ. "ಕೆಳಗಿಂದೇ ಒಳ್ಳೇದು ಕಣ್ರೀ ತಾತ, ಮೇಲಿಂದು ಸುಮ್ನೆ ನಿಮ್ಮ ಸಮಾಧಾನಕ್ಕೆ" ಅಂದಳು. ಆಪರೇಷನ್ನಿನ ಹಿಂದಿನ ದಿನ ಮತ್ತೆ ಹಾಕುತ್ತಾಳಂತೆ.

ನನ್ನ ಬಗ್ಗೆ ಯೋಚನೆ ಬೇಡ. ಊಟ ಸೇರುತ್ತಿದೆ.

ಅಪ್ಪ


ಕಾಸ್ತ್ರೊ, ಚಿಲೊಯೆ ದ್ವೀಪ
ಮೇ 13, 1996

ಅಪ್ಪಾ,

ಗೆದ್ದದ್ದು ನಾನಲ್ಲ, ನಾವು. ನಿನ್ನ ಪತ್ರವನ್ನು ಸಂಘದ ಸಭೆಯಲ್ಲಿ ಓದಿದೆ. ರೊಸೆಂದಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಸೀಸದ ಪಟ್ಟಿಯ ಜಾಗ ಬಂದಾಗ ಎಲ್ಲರೂ ನಕ್ಕರು. ಆ ಭಾಗ ಓದಬೇಕೋ ಬೇಡವೋ ಎಂದು ಅನುಮಾನಿಸಿದ್ದೆ, ಓದಿದ್ದು ಒಳ್ಳೆಯದಾಯಿತು.

ನಿನ್ನ ಕಥೆಯನ್ನು ಕರಪತ್ರ ಮಾಡಿದ್ದೇನೆ, ಎಂಟು ಪುಟ. ಮುಖಪುಟದಲ್ಲಿ ಎರಡೇ ಪದ: ಅದು ನಿಮಗಲ್ಲ. ಒಂದು ಸಾವಿರ ಪ್ರತಿ. ಉತ್ತರದ ಗಣಿ ಊರುಗಳಿಗೂ ಕಳಿಸಿದ್ದೇವೆ, ನೀನು ಕುಡಿದ ನೀರನ್ನೇ ಕುಡಿದವರು ಅಲ್ಲಿದ್ದಾರೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹಂಚಲು ನಗರದ ವಿದ್ಯಾರ್ಥಿಗಳು ಒಪ್ಪಿದ್ದಾರೆ.

ವಿಳಾಸ ಬದಲಾಗಿದೆ ನೋಡು. ಕೆಯೋನ್‌ನಲ್ಲಿ ಕೋಣೆ ತೇವ ಇತ್ತು. ಇಲ್ಲಿ ಬೆಚ್ಚಗಿದೆ, ಸಂಘದ ಕೆಲಸಕ್ಕೂ ಹತ್ತಿರ.

ಇಪ್ಪತ್ತೆಂಟರಂದು ಕತ್ತಿಯ ಕೆಳಗೆ ಮಲಗುವಾಗ ಇನ್ನೂರ ಹನ್ನೆರಡು ಜನ ನಿನ್ನ ಜೊತೆ ಇದ್ದಾರೆಂದು ತಿಳಿ.

ಯೆರ್ಕಾ


ನಗರದ ಆಸ್ಪತ್ರೆ, ಮೂರನೆಯ ಮಹಡಿ
ಜೂನ್ 26, 1996

ಮಗಳೇ,

ಸ್ವಲ್ಪವೇ ಬರೆಯುತ್ತೇನೆ. ಒಳಗಿನ ಹೊಲಿಗೆ ಹಿಡಿಯಲಿಲ್ಲ. ಒಂಬತ್ತನೆಯ ದಿನ ಉಚ್ಚೆಯೆಲ್ಲ ಹೊಟ್ಟೆಯೊಳಗೇ ಸೋರಿ, ಜ್ವರ ಏರಿ, ಮತ್ತೆ ಕೊಯ್ದರು. ಎಚ್ಚರವಾದಾಗ ಹೊರಚೀಲ ಇತ್ತು. ಮೇಲಿನ ಗುರುತಿನಲ್ಲಿ.

ಆ ಜಾಗ ಸರಿಯಿಲ್ಲ. ಕೂತರೆ ಪಕ್ಕೆಲುಬು ಬಂದು ತಳ್ಳುತ್ತದೆ, ಅಂಟು ಬಿಡುತ್ತದೆ. ದಿನಕ್ಕೆ ನಾಲ್ಕು ಸಲ ಹಾಸಿಗೆ ಬದಲಿಸುತ್ತಾರೆ. ಚರ್ಮ ಸುಲಿದು ಹೋಗಿದೆ. ನರ್ಸ್ ಮಿರ್ತಾ ಪ್ರತಿಸಲ ಅಂಟಿಸುವಾಗಲೂ ಅಳುತ್ತಾಳೆ. "ನಾನು ಮೇಲಿಂದು ಹಾಕ್ಲೇಬಾರದಿತ್ತು, ತಾತ" ಅನ್ನುತ್ತಾಳೆ. ನಿನ್ನ ತಪ್ಪಲ್ಲ, ಪಟ್ಟಿ ತಂದವನು ನಾನು ಅನ್ನುತ್ತೇನೆ.

ಸೆಗುಂದೊ ವಾರಕ್ಕೊಮ್ಮೆ ಬರುತ್ತಾನೆ. ವಾಸನೆ ಬಂದರೂ ಕುರ್ಚಿ ಹಿಂದೆ ಸರಿಸುವುದಿಲ್ಲ.

ನೀನು ಬರುವುದು ಬೇಡ. ಕೆಲಸ ಬಿಡಬೇಡ.

ಅಪ್ಪ


ಕಾಸ್ತ್ರೊ
ಜುಲೈ 9, 1996

ಅಪ್ಪಾ,

ನಿನ್ನ ಪತ್ರ ಬಂದು ಮೂರು ದಿನವಾಯಿತು. ಈಗ ನನಗೆ ಎಲ್ಲ ಸ್ಪಷ್ಟವಾಗಿದೆ.

ಅವರು ಬೇಕೆಂದೇ ಹಾಳು ಮಾಡಿದರು. ಒತ್ತಾಯಕ್ಕೆ ಒಪ್ಪಿಕೊಂಡವರು ಮನಸ್ಸಿಟ್ಟು ಹೊಲಿಯುತ್ತಾರೆಯೇ? ದುಡ್ಡಿದ್ದವನ ಹೊಟ್ಟೆಯಾಗಿದ್ದರೆ ಹೊಲಿಗೆ ಹಿಡಿಯುತ್ತಿತ್ತು. ಆ ಅರಾನ್ಸಿಬಿಯಾ ಪಕ್ಕದಲ್ಲಿ ನಿಂತು "ನಾನು ಮೊದಲೇ ಹೇಳಿರಲಿಲ್ಲವೇ" ಎಂದು ಒಳಗೊಳಗೇ ನಕ್ಕಿರಬೇಕು. ಬಡವನಿಗೆ ಕೇಳಿದ್ದು ಕೊಟ್ಟು, ಕೆಡಿಸಿ ಕೊಟ್ಟು, ಇನ್ನು ಮುಂದೆ ಯಾರೂ ಕೇಳದ ಹಾಗೆ ಮಾಡುವುದು. ಇದು ಹಳೆಯ ಆಟ.

ಎರಡನೆಯ ಕರಪತ್ರ ಬರೆಯುತ್ತಿದ್ದೇನೆ. ಈ ಸಲ ವೈದ್ಯರ ಸಂಘಕ್ಕೂ ದೂರು ಕೊಡುತ್ತೇನೆ. ಆಸ್ಪತ್ರೆಯಿಂದ ನಿನ್ನ ಎಲ್ಲ ಕಾಗದಗಳ ಪ್ರತಿ ಕೇಳಿ ತೆಗೆದುಕೊಂಡು ನನಗೆ ಕಳಿಸು, ಒಂದು ಹಾಳೆಯೂ ಬಿಡಬೇಡ. ನೀನು ಸಹಿ ಹಾಕಿದ್ದು, ಹಾಕದ್ದು, ಎಲ್ಲ.

ನಾನು ಬರುತ್ತಿದ್ದೆ, ಆದರೆ ಈಗ ಇಲ್ಲಿಂದ ಏಳುವ ಸ್ಥಿತಿಯಲ್ಲಿಲ್ಲ. ಆಮೇಲೆ ಹೇಳುತ್ತೇನೆ.

ಯೆರ್ಕಾ


ಪುಂತಾ ಸೆಕಾ
ಜುಲೈ 30, 1996

ಯೆರ್ಕಾ,

ಕಾಗದಗಳನ್ನು ಕಳಿಸುವುದಿಲ್ಲ. ಅದರಲ್ಲಿ ಏನಿದೆಯೋ ನಾನೇ ಹೇಳುತ್ತೇನೆ. ಮೊದಲೇ ಹೇಳಬೇಕಿತ್ತು.

ಮಾರ್ಚ್‌ನಲ್ಲಿ ಡಾಕ್ಟರಮ್ಮ "ಅದು ನಿಮಗಲ್ಲ" ಅಂದದ್ದು ನಿಜ. ಆದರೆ ಅವರ ಮಾತು ಅಲ್ಲಿಗೆ ನಿಲ್ಲಲಿಲ್ಲ. ಪತ್ರದಲ್ಲಿ ನಾನು ಅಲ್ಲಿಗೆ ನಿಲ್ಲಿಸಿದೆ. ಅವರು ಹೇಳಿದ್ದು ಇಷ್ಟು: "ಅದು ನಿಮಗಲ್ಲ, ದೋನ್ ಎಲಿಯೊದೊರೊ. ಏಳು ವಾರ ಕರೆಂಟು ಬಿದ್ದು ನಿಮ್ಮ ಕರುಳು ಬೆಂದು ಹೋಗಿದೆ. ಹೊರಚೀಲಕ್ಕಾದ್ರೆ ಕರೆಂಟು ತಾಗದ ಕಡೆಯಿಂದ ಗೇಣುದ್ದ ಕರುಳು ಸಾಕು. ಒಳಚೀಲಕ್ಕೆ ಮೊಳಗಟ್ಟಲೆ ಬೇಕು, ಹೊಲಿಗೆ ಹಿಡಿಯಲ್ಲ. ಒಂದು ಕಿಡ್ನಿ ಬೇರೆ ಸೋತಿದೆ. ನೀವು ಮಂತ್ರಿಯಾಗಿದ್ರೂ ನಾನು ಇದನ್ನೇ ಹೇಳ್ತಿದ್ದೆ."

ಇದನ್ನು ಬರೆದರೆ ನೀನು ಸುಮ್ಮನಾಗಿಬಿಡುತ್ತೀಯ ಅನ್ನಿಸಿತು. ಸುಮ್ಮನಾದರೆ ನನಗೆ ಚೀಲವೇ ಗತಿ, ನೀರಿಲ್ಲ. ನಿನ್ನ ಸಿಟ್ಟಿನಿಂದ ಏನಾದರೂ ಆದೀತು ಎಂದು ಅರ್ಧ ಬರೆದು ಕಳಿಸಿದೆ. ಇಷ್ಟು ಓದಿಕೊಂಡ ಹುಡುಗಿ ಹೇಳುತ್ತಾಳೆ ಅಂದಮೇಲೆ ಡಾಕ್ಟರೇ ತಪ್ಪಿರಬಹುದು ಎಂದೂ ಒಂದೊಂದು ಸಲ ಅನ್ನಿಸುತ್ತಿತ್ತು.

ಐದನೆಯ ಪ್ರಶ್ನೆಗೆ ಅವರು ಮಾತಾಡಲಿಲ್ಲ ಎಂದು ಬರೆದೆನಲ್ಲ. ಅದಕ್ಕೆ ಉತ್ತರ ಅವರು ಹಿಂದೆಯೇ ಕೊಟ್ಟಿದ್ದರು. ನಾನು ಅದನ್ನು ಕೇಳಿಸಿಕೊಂಡೂ ಕೇಳದವನ ಹಾಗೆ ಎದುರು ನಿಂತು ಓದುತ್ತಿದ್ದೇನೆ, ಅವರು ಏನು ತಾನೇ ಹೇಳುತ್ತಾರೆ? ಆ ಸರ್ಜನ್ನೂ ಹೇಳಿದ್ದ. ಅಪಾಯ ತಿಳಿದು ಒಪ್ಪಿದ್ದೇನೆ ಎಂಬ ಕಾಗದಕ್ಕೆ ಮೂರು ಕಡೆ ಸಹಿ ಹಾಕಿದ್ದೇನೆ. ಅವನು ಮನಸ್ಸಿಟ್ಟೇ ಹೊಲಿದ. ಆರು ಗಂಟೆ ನಿಂತಿದ್ದನಂತೆ.

ಗುರುತಿನ ವಿಷಯವೂ ಹೇಳಿಬಿಡುತ್ತೇನೆ. ಆಪರೇಷನ್ನಿನ ಹಿಂದಿನ ದಿನ ಮಿರ್ತಾ ಎರಡೂ ಕಡೆ ಗುರುತು ಹಾಕಿದಳು. ಸ್ನಾನದ ಮನೆಗೆ ಹೋಗಿ ಕೆಳಗಿನದನ್ನು ಸ್ಪಿರಿಟ್ ಹಚ್ಚಿ ಉಜ್ಜಿ ತೆಗೆದೆ. ಹೊರಚೀಲವೇ ಬಂದರೂ ಪಟ್ಟಿ ಕಟ್ಟಲು ಜಾಗ ಇರಲಿ, ಪರವಾನಗಿ ಇಲ್ಲದಿದ್ದರೂ ಸೆಗುಂದೊನ ದೋಣಿ ಇದೆಯಲ್ಲ ಎಂದು. ಎರಡನೆಯ ಸಲ ಕೊಯ್ದಾಗ ಆತುರದಲ್ಲಿದ್ದರು. ಕಂಡದ್ದು ಒಂದೇ ಗುರುತು, ಅಲ್ಲೇ ಚೀಲಕ್ಕೆ ಬಾಯಿ ಕೊಯ್ದರು. ಮಿರ್ತಾ ಇವತ್ತಿಗೂ ಕೆಳಗಿನ ಗುರುತನ್ನು ತಾನೇ ಹಾಕುವುದು ಮರೆತೆ ಅಂದುಕೊಂಡಿದ್ದಾಳೆ. ಅವಳಿಗೆ ಇನ್ನೂ ಹೇಳಿಲ್ಲ. ಹೇಳಬೇಕು.

ಡಾಕ್ಟರಮ್ಮನನ್ನು ವಾರ್ಡಿನಿಂದ ತೆಗೆದು ಹೊರರೋಗಿಗಳ ಕೋಣೆಗೆ ಹಾಕಿದ್ದಾರೆ, ವಿಚಾರಣೆ ನಡೆಯುತ್ತಿದೆ. ಅವರ ಮನೆಯ ಗೋಡೆಯ ಮೇಲೆ ಯಾರೋ ಬಣ್ಣದಲ್ಲಿ ಬರೆದಿದ್ದಾರೆ, ನಿನ್ನ ಕರಪತ್ರದ ಆ ಎರಡು ಪದ. ಅವರಿಗೆ ಆರು ವರ್ಷದ ಮಗಳಿದ್ದಾಳೆ.

ಎರಡನೆಯ ಕರಪತ್ರವನ್ನು ಅಚ್ಚು ಹಾಕಬೇಡ. ಸುಳ್ಳು ಹೇಳಿದವನು ನಾನು. ಹಾಗೆಂದು ಬರೆ, ನನ್ನ ಹೆಸರು ಹಾಕಿಯೇ ಬರೆ.

ಎಲಿಯೊದೊರೊ


ಕಾಸ್ತ್ರೊ
ಆಗಸ್ಟ್ 13, 1996

ಅಪ್ಪಾ,

ಎರಡನೆಯದು ಅಚ್ಚಾಗಿ ಹೋಗಿತ್ತು. ಮುನ್ನೂರು ಪ್ರತಿ ಹಂಚಿಯೂ ಆಗಿತ್ತು. ಉಳಿದದ್ದನ್ನು ಒಲೆಗೆ ಹಾಕಿದೆ.

ನೀನು ನಿನ್ನೊಬ್ಬನ ಹೆಸರು ಹಾಕು ಅನ್ನುತ್ತೀಯ. ಆಗುವುದಿಲ್ಲ. ನಾನೂ ಒಂದು ಹೇಳಬೇಕು, ಹೇಳಿದ ಮೇಲೆ ನೀನು ನನ್ನ ಪತ್ರ ಒಡೆಯದಿದ್ದರೂ ಸರಿ.

ಆ ಪುಸ್ತಿಕೆಯ ಹನ್ನೆರಡನೆಯ ಪುಟದಲ್ಲಿ ಅದು ಇತ್ತು. ಹೊಟ್ಟೆಗೆ ವಿಕಿರಣ ತೆಗೆದುಕೊಂಡವರಿಗೆ, ಕಿಡ್ನಿ ಸೋತವರಿಗೆ ಒಳಚೀಲ ಸಾಮಾನ್ಯವಾಗಿ ಸಲ್ಲದು ಎಂದು, ಎರಡೇ ಸಾಲು. ಮಾರ್ಚ್‌ನಲ್ಲಿ ನಿನಗೆ ಮೊದಲ ಪತ್ರ ಬರೆಯುವ ಮುಂಚೆಯೇ ನಾನು ಅದನ್ನು ಓದಿದ್ದೆ. ಬಡವರನ್ನು ಹೊರಗಿಡಲು ಇಂಥ ಸಾಲುಗಳನ್ನು ಎಲ್ಲ ಕಡೆಯೂ ಸೇರಿಸುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಾಗೆ ಅಂದುಕೊಳ್ಳಲು ನನಗೆ ಸ್ವಲ್ಪ ಕಷ್ಟವೇ ಆಯಿತು. ಆದರೂ ಅಂದುಕೊಂಡೆ. ನಿನಗೆ ಬರೆದರೆ ನೀನು ಹೆದರಿ ಹಿಂದೆ ಸರಿಯುತ್ತೀಯ, ಹೋರಾಟ ಅಲ್ಲೇ ನಿಲ್ಲುತ್ತದೆ ಎಂದು ಬಿಟ್ಟೆ. ನನಗೆ ನಿನ್ನ ಹೊಟ್ಟೆಗಿಂತ ಗೋಡೆಯ ಮೇಲಿನ ಮಾತು ದೊಡ್ಡದಾಗಿತ್ತು.

ಪಾಷಾಣದ ನೀರಿನ ಬಗ್ಗೆ ನಾನು ಬರೆದದ್ದು ಸುಳ್ಳಲ್ಲ. ರೊಸೆಂದಾಳ ಬಾಯಿ ಸುಳ್ಳಲ್ಲ. ಅವನ್ನು ನಾನು ಈಗಲೂ ಬಿಡುವುದಿಲ್ಲ. ಆದರೆ ಅಷ್ಟು ನಿಜ ಕೈಯಲ್ಲಿದ್ದಾಗ ಎರಡು ಸಾಲು ಮುಚ್ಚಿಡುವ ಅಗತ್ಯ ನನಗೇನಿತ್ತು?

ಮೇ ತಿಂಗಳಲ್ಲಿ ನನ್ನನ್ನು ಕೆಲಸದಿಂದ ತೆಗೆದರು, ಪಾಳಿಯಲ್ಲಿ ಸಹಿ ಸಂಗ್ರಹಿಸಿದ್ದಕ್ಕೆ. ಕೆಯೋನ್ ಬಿಟ್ಟದ್ದು ತೇವಕ್ಕಲ್ಲ. ಜುಲೈಯಲ್ಲಿ ಬಸ್ಸಿಗೆ ದುಡ್ಡಿರಲಿಲ್ಲ. ಈಗ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದೇನೆ.

ತಪ್ಪೊಪ್ಪಿಗೆ ಬರೆದು, ಇಬ್ಬರ ಹೆಸರೂ ಹಾಕಿ, ನಿಮ್ಮ ಪತ್ರಿಕೆಗೂ ವೈದ್ಯರ ಸಂಘಕ್ಕೂ ಕಳಿಸಿದ್ದೇನೆ. ಪತ್ರಿಕೆ ಅಚ್ಚು ಹಾಕುವುದೋ ಇಲ್ಲವೋ. ಡಾಕ್ಟರ್ ಅರಾನ್ಸಿಬಿಯಾಗೆ ಬೇರೆ ಬರೆದಿದ್ದೇನೆ, ಇದರೊಳಗಿದೆ, ಅವರ ಕೈಗೆ ಕೊಡು.

ನಿನಗೆ ಮುಂದೇನು ಚಿಕಿತ್ಸೆ ಎಂದು ಆಸ್ಪತ್ರೆಯವರು ಸೆಪ್ಟೆಂಬರ್ ಹನ್ನೆರಡಕ್ಕೆ ಹೇಳುತ್ತಾರೆ ಎಂದು ಸೆಗುಂದೊ ಬರೆದು ಕಳಿಸಿದ ಕಾರ್ಡಿನಲ್ಲಿ ಓದಿದೆ. ಎಂಟಕ್ಕೆ ಇಲ್ಲಿಂದ ಹೊರಡುತ್ತೇನೆ. ಆ ಕೋಣೆಯಲ್ಲಿ ನಿನ್ನ ಪಕ್ಕ ಕೂರುತ್ತೇನೆ, ಬಾಯಿ ತೆರೆಯುವುದಿಲ್ಲ. ಪ್ರಶ್ನೆ ನೀನೇ ಕೇಳು.

ಯೆರ್ಕಾ


ನಗರದ ಆಸ್ಪತ್ರೆ
ಆಗಸ್ಟ್ 30, 1996

ಮಗಳೇ ಯೆರ್ಕಾ,

ನೀನು ಹೊರಡುವ ಮೊದಲು ತಲುಪಲೆಂದು ಇದನ್ನು ಸೆಗುಂದೊ ಕೈಯಲ್ಲಿ ವಿಮಾನದ ಅಂಚೆಗೆ ಹಾಕಿಸುತ್ತಿದ್ದೇನೆ. ಹನ್ನೆರಡನೆಯ ತಾರೀಖು ಕಾಯಲಾಗಲಿಲ್ಲ. ಸೋಮವಾರ ಜ್ವರ ಬಂದು, ಉಚ್ಚೆ ನಿಂತು, ನನ್ನನ್ನು ನೀರಿನ ಲಾರಿಯ ಮುಂದಿನ ಸೀಟಿನಲ್ಲಿ ಕರೆತಂದರು.

ಮಿರ್ತಾಳಿಗೆ ಹೇಳಿದೆ. ಕೈಯಲ್ಲಿದ್ದ ತಟ್ಟೆ ಇಟ್ಟು ಹೊರಗೆ ಹೋದಳು. ಎರಡು ದಿನ ಬೇರೆ ನರ್ಸು ಬಂದಳು. ಮೂರನೆಯ ದಿನ ಅವಳೇ ಬಂದು ಚೀಲ ಬದಲಿಸಿದಳು. ನನ್ನನ್ನು ತಾತ ಅನ್ನಲಿಲ್ಲ.

ಡಾಕ್ಟರ್ ಅರಾನ್ಸಿಬಿಯಾರನ್ನು ಇನ್ನೂ ವಾರ್ಡಿಗೆ ಹಾಕಿಲ್ಲ. ನಾನು ಕೇಳಿಕೊಂಡದ್ದಕ್ಕೆ ಕೆಳಗಿನಿಂದ ಮೇಲೆ ಬಂದರು. ನಿನ್ನ ಪತ್ರ ಕೊಟ್ಟೆ. ನಿಂತೇ ಓದಿ, ಮಡಚಿ ಜೇಬಿಗೆ ಹಾಕಿಕೊಂಡರು. ಕುರ್ಚಿ ಎಳೆದುಕೊಂಡು ಕೂತು, ನನ್ನ ಮುಂದಿನ ವಿಷಯ ಹೇಳಿದರು. ಅವರು ಹೇಳಿದ್ದನ್ನು ಬರೆಯುತ್ತೇನೆ:

"ಹೊಟ್ಟೆ ಮೇಲಿನ ಬಾಯಿ ಬಿಗಿದು ಉಚ್ಚೆ ಹಿಂದಕ್ಕೆ ತಳ್ತಾ ಇದೆ. ಉಳಿದ ಒಂದು ಕಿಡ್ನಿ ಊದಿದೆ. ಗಡ್ಡೆ ಬೆನ್ನುಮೂಳೆ ಹತ್ರ ಮತ್ತೆ ಕಾಣಿಸಿಕೊಂಡಿದೆ, ಅದಕ್ಕೆ ನಮ್ಮ ಹತ್ರ ಇನ್ನು ಔಷಧಿ ಇಲ್ಲ. ಈಗ ಎರಡು ದಾರಿ. ಈ ಬಾಯಿ ಮುಚ್ಚಿ ಕೆಳಗೆ ಸರಿಯಾದ ಜಾಗದಲ್ಲಿ ಇನ್ನೊಂದು ಮಾಡಬಹುದು. ಚೀಲ ಗಟ್ಟಿಯಾಗಿ ಕೂರುತ್ತೆ, ಚರ್ಮ ಮಾಯುತ್ತೆ, ಮನುಷ್ಯರ ಹಾಗೆ ಕೂರಬಹುದು. ಆದ್ರೆ ಈ ಹೊಟ್ಟೆ ಮೂರನೇ ಸಲ ತಡಿಯುತ್ತೆ ಅಂತ ನಾನು ಹೇಳಲಾರೆ, ಮೇಜಿನ ಮೇಲೇ ಹೋಗಬಹುದು. ಇಲ್ಲಾಂದ್ರೆ ಬಾಯಿ ಇದ್ದಲ್ಲೇ ಬಿಟ್ಟು, ಬೆನ್ನಿಂದ ಕಿಡ್ನಿಗೆ ಒಂದು ಸಣ್ಣ ಕೊಳವೆ ಇಳಿಸ್ತೀವಿ. ಅದು ಹತ್ತು ನಿಮಿಷದ ಕೆಲಸ. ಬೆನ್ನ ಹಿಂದೆ ಇನ್ನೊಂದು ಚೀಲ ಬರುತ್ತೆ. ಕ್ರಿಸ್ಮಸ್ ತನಕ ನಡೆಯಬಹುದು, ಅದರಾಚೆ ನಾನು ಮಾತು ಕೊಡಲ್ಲ. ಎರಡರಲ್ಲಿ ಯಾವುದು ಮಾಡಿದ್ರೂ ನೀವು ಮತ್ತೆ ನೀರಿಗಿಳಿಯಲ್ಲ, ದೋನ್ ಎಲಿಯೊದೊರೊ."

"ನೀವಾಗಿದ್ರೆ ಏನು ಮಾಡ್ತಿದ್ರಿ?" ಅಂತ ಕೇಳಿದೆ.

"ಮೊದಲ ಸಲ ಕೇಳಿದಾಗ ಹೇಳಿದ್ದೆ. ಈ ಸಲ ನೀವೇ ಹೇಳಿ."

ಕೊಳವೆ ಸಾಕು ಅಂದೆ. ಕೊಯ್ಯಿಸಿಕೊಂಡದ್ದು ಸಾಕಾಗಿದೆ, ನೀನು ಬರುವಾಗ ನಾನು ಮಾತಾಡುವ ಸ್ಥಿತಿಯಲ್ಲಿ ಇರಬೇಕು. ಬೆಳಿಗ್ಗೆ ಹಾಕಿದರು. ನೋವಿದೆ.

ಹೊರಡುವಾಗ ಅವರು ಬಾಗಿಲಲ್ಲಿ ನಿಂತು, "ಇದನ್ನ ನಿಮ್ಮ ಮಗಳಿಗೆ ಪೂರ್ತಿ ಬರೀತೀರಾ?" ಅಂತ ಕೇಳಿದರು. ಬರೀತೀನಿ ಅಂದೆ.

ಬರೆದಿದ್ದೇನೆ.

ನಿನ್ನ ಅಪ್ಪ